ಸವೆದ ನಾಣ್ಯದ ಸಾಕ್ಷಿ

ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರಲ್ಲಿ. ಆದರೆ ಜೇಬಿನ ರೂಪಾಯಿಯ ಮೇಲೆ ಆರನೇ ಜಾರ್ಜ್ ದೊರೆಯ ಮುಖ ಇನ್ನೂ ಮೂರು ವರ್ಷ ಹಾಗೇ ಇತ್ತು. ಗಣರಾಜ್ಯದ ಮೊದಲ ನಾಣ್ಯಗಳು ಹೊರಬಂದದ್ದು 1950ರ ಆಗಸ್ಟ್ 15ರಂದು. ರೂಪಾಯಿಯಲ್ಲಿ ದೊರೆಯ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು, ಹಿಂಬದಿಯಲ್ಲಿದ್ದ ಹುಲಿಯ ಜಾಗಕ್ಕೆ ಧಾನ್ಯದ ತೆನೆಗಳು ಬಂದವು. ಆಣೆಯ ಮೇಲೆ ಗೂಳಿ, ಪೈಸೆಯ ಮೇಲೆ ಕುದುರೆ.

ರಾಯಚೂರು, ದೇವದುರ್ಗ, ಮಾನ್ವಿಯ ಕಥೆಗೆ ಇನ್ನೂ ಒಂದು ತಿರುವು ಹೆಚ್ಚು. ಇಲ್ಲಿ ಹೈದರಾಬಾದಿನ ನಿಜಾಮರ ಆಳ್ವಿಕೆ ಕೊನೆಗೊಂಡದ್ದು 1948ರ ಸೆಪ್ಟೆಂಬರ್‌ನಲ್ಲಿ. ಅದಾದ ಮೇಲೂ ಕೆಲವು ವರ್ಷ ಇಲ್ಲಿನ ಸಂತೆಗಳಲ್ಲಿ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ನಡೆಯಿತು. ಅದರ ಒಂದು ಬದಿಗೆ ಚಾರ್‌ಮಿನಾರ್, ನಡುಬಾಗಿಲಲ್ಲಿ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲ ಉರ್ದು ಅಕ್ಷರ 'ಐನ್'. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರ್ ಎಂದು ಹೆಸರು. ಏಳು ಹಾಲಿಗೆ ಆರು ಕಲ್ದಾರ್, ಇದು ಲೆಕ್ಕ. 1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕವೂ ಹೋಗಿ ನೂರು ನಯಾ ಪೈಸೆ ಬಂತು. ಹತ್ತು ವರ್ಷದೊಳಗೆ ಇಲ್ಲಿನ ರೈತ, ಕೂಲಿಕಾರ, ಅಂಗಡಿಯವರು ಎರಡು ಸಲ ದುಡ್ಡಿನ ಲೆಕ್ಕವನ್ನು ಹೊಸದಾಗಿ ಕಲಿತರು.

ಈ ಸೀಮೆಗೂ ಹೊಸ ರೂಪಾಯಿಗೂ ಇನ್ನೊಂದು ನಂಟಿದೆ. ಇದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಅವನ ಸಿಂಹಗಳನ್ನು ಹೊತ್ತ ನಾಣ್ಯ ಕೊನೆಗೆ ಮಸ್ಕಿಯ ಸಂತೆಗೂ ಬಂತು.

ನಾಣ್ಯ ಸಂಗ್ರಾಹಕರು ಆ ಕಾಲದ ಪ್ರಯೋಗ ನಾಣ್ಯಗಳನ್ನು ಹುಡುಕುತ್ತಾರೆ. ಚಲಾವಣೆಗೆ ಬಿಡುವ ಮೊದಲು ಅಚ್ಚು, ಲೋಹ, ಅಂಚು ಸರಿ ಇದೆಯೇ ಎಂದು ನೋಡಲು ಟಂಕಸಾಲೆ ಒತ್ತುವ ಕೆಲವೇ ನಾಣ್ಯಗಳವು. ಹೊಸ ಸರ್ಕಾರ ತನ್ನ ಮುಖವನ್ನು ಹೇಗೆ ತೋರಿಸಬೇಕೆಂದು ಯೋಚಿಸಿತು ಎಂಬುದಕ್ಕೆ ಅವು ಸಾಕ್ಷಿ, ಅಮೂಲ್ಯವೇ ಸರಿ. ಆದರೆ ಆ ನಾಣ್ಯ ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ. ಜೋಳ, ಉಪ್ಪು, ಸೀಮೆಎಣ್ಣೆ ತಂದುಕೊಟ್ಟದ್ದು ಸವೆದುಹೋದ ಗೂಳಿಯ ಆಣೆ. ಸ್ವಾತಂತ್ರ್ಯ ಜನರ ಕೈಗೆ ತಲುಪಿದ್ದನ್ನು ಹೇಳುವುದು ಆ ಸವಕಲೇ.

ಇಂಥ ನಾಣ್ಯಗಳು ನಮ್ಮ ಹಿರಿಯರ ಪೆಟ್ಟಿಗೆ, ದೇವರ ಜಗಲಿಗಳಲ್ಲಿ ಇನ್ನೂ ಇವೆ. ಬೆಳ್ಳಿಯ ಹಾಲಿ ರೂಪಾಯಿಯನ್ನು ತೂಕಕ್ಕೆ ಹಾಕಿ ಪತ್ತಾರರ ಕುಲುಮೆಗೆ ಕೊಡಬೇಡಿ. ಹುಣಸೆಹುಳಿ ಹಚ್ಚಿ ತಿಕ್ಕಲೂಬೇಡಿ, ಉಳಿದ ಅಕ್ಷರವೂ ಅಳಿಸಿಹೋಗುತ್ತದೆ. ಒಂದು ಕಾಗದದ ಪೊಟ್ಟಣದಲ್ಲಿಟ್ಟು, ಅದು ಯಾರ ಮನೆಯದು, ಯಾವ ಊರಿನದು, ಯಾವ ಕೆಲಸದ ಕೂಲಿಯದು ಎಂದು ಅಜ್ಜ, ಅಜ್ಜಿಯರನ್ನು ಕೇಳಿ ಬರೆದಿಡಿ. ಹರಾಜಿನಲ್ಲಿ ಎಷ್ಟು ಹಣ ಕೊಟ್ಟರೂ ಆ ಎರಡು ಸಾಲು ಸಿಗುವುದಿಲ್ಲ. ಹೇಳುವವರು ಇರುವಾಗಲೇ ಕೇಳಿಕೊಳ್ಳೋಣ.