ಶಿವಗಂಗೆಯನ್ನು ಯಾವ ಕ್ಯಾಮೆರಾದಲ್ಲಿ ನೋಡುವುದು?

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟ ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆಂಬುದು ಭಕ್ತರ ಮಾತು. ಹಾಗಾದರೆ ಒಂದೇ ಚಿತ್ರಕ್ಕೆ ಸಿಕ್ಕ ಶಿವಗಂಗೆ ಎಷ್ಟರಮಟ್ಟಿಗೆ ನಿಜ? ನಿಸರ್ಗದ ಚಿತ್ರ ತೆಗೆಯಲು ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವವರು ಇದನ್ನು ಕೇಳುವುದಿಲ್ಲ. ಮೆಗಾಪಿಕ್ಸೆಲ್ ಎಷ್ಟೆಂದು ಕೇಳುತ್ತಾರೆ. ಇಲ್ಲಿ ಅಂಗಡಿಯವರ ಸಲಹೆಗಿಂತ ಜೈನರ ಅನೇಕಾಂತವಾದವೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ನನ್ನೆಣಿಕೆ. ವಸ್ತುವಿಗೆ ಹಲವು ಮುಖಗಳಿವೆ, ಪ್ರತಿ ಹೇಳಿಕೆಯೂ ಒಂದು ನಿಲುವಿನಿಂದ ಮಾತ್ರ ಸತ್ಯ ಎನ್ನುತ್ತದೆ ಅದು. 24 ಮೆಗಾಪಿಕ್ಸೆಲ್ 60 ಆದರೆ ನಂದಿಯ ಬಂಡೆಯ ಬಿರುಕುಗಳು ಇನ್ನಷ್ಟು ಕಂಡಾವು, ಪಶ್ಚಿಮದ ಗಣಪತಿ ಕಾಣಲಾರ. ಆದ್ದರಿಂದ ಬೆಟ್ಟ ಸುತ್ತಲು, ಕಡಿದಾದ ಮೆಟ್ಟಿಲು ಹತ್ತಲು ಹೊರೆಯಾಗದ ಕ್ಯಾಮೆರಾವನ್ನೇ ಆರಿಸಬೇಕು.

ದೊಡ್ಡ ಸೆನ್ಸರ್ ಬೇಡವೇ? 36×24 ಮಿ.ಮೀ. ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಎರಡು ಪಟ್ಟಿಗೂ ಮಿಗಿಲು; ಸೂರ್ಯೋದಯದ ಬೆಳಕನ್ನೂ ಬಂಡೆಯ ನೆರಳನ್ನೂ ಒಟ್ಟಿಗೆ ಹಿಡಿಯಲು ಅದು ನೆರವಾಗುತ್ತದೆ, ಒಪ್ಪಬೇಕು. ಆದರೆ ಅದರ ಲೆನ್ಸುಗಳ ತೂಕವೂ ಬೆನ್ನೇರುತ್ತದೆ. ಟ್ರೈಪಾಡ್ ಇಟ್ಟು ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನು ಜೋಡಿಸಿದರೆ ಚಿಕ್ಕ ಸೆನ್ಸರಿನ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ನ್ಯಾಯದರ್ಶನದ ನೈಯಾಯಿಕರು ಎತ್ತಬಹುದಾದ ಆಕ್ಷೇಪ ಇದಕ್ಕಿಂತ ಗಂಭೀರ: ಇಂದ್ರಿಯಕ್ಕೂ ವಸ್ತುವಿಗೂ ಸಂಪರ್ಕವಾದಾಗ ಹುಟ್ಟುವ ಅರಿವೇ ಪ್ರತ್ಯಕ್ಷ, ಆದರೆ ಮಿರರ್‌ಲೆಸ್‌ನಲ್ಲಿ ಕಣ್ಣಿಗೆ ಎದುರಾಗುವುದು ಪುಟ್ಟ ಪರದೆ. ಹಳೆಯ ಎಸ್‌ಎಲ್‌ಆರ್‌ನ ಕನ್ನಡಿಯಾದರೋ ಬೆಟ್ಟದ ಬೆಳಕನ್ನೇ ಕಣ್ಣಿಗೆ ತರುತ್ತಿತ್ತು. ನಿಜವೇ, ಆದರೆ ಅಲ್ಲಿ ಕಂಡದ್ದು ಒಂದು, ದಾಖಲಾದದ್ದು ಇನ್ನೊಂದು. ಪರದೆಯಾದರೆ ತೆಗೆಯಲಿರುವ ಚಿತ್ರವನ್ನು, ಕಪ್ಪಿಟ್ಟ ನೆರಳಿನ ಸಮೇತ, ಮೊದಲೇ ತೋರಿಸಬಲ್ಲದು. ಬೆಟ್ಟವನ್ನೇ ತೋರಿಸುತ್ತಿದ್ದೇನೆಂಬ ಭ್ರಮೆ ಹುಟ್ಟಿಸುವುದಿಲ್ಲ.