ಕಡಲಿನ ಒಡೆತನ

ಹೊಲಕ್ಕೆ ಬದುವುಂಟು, ತೋಟಕ್ಕೆ ಬೇಲಿಯುಂಟು. ಕಡಲಿಗೆ ಎರಡೂ ಇಲ್ಲ. ಪರರ ತೋಟದ ಎಳನೀರನ್ನು ಕೊಯ್ದವನು ಕಳ್ಳನೆನಿಸುವನು. ಕಡಲಿನಿಂದ ಬಂಗುಡೆಯ ರಾಶಿಯನ್ನೇ ಎಳೆದು ತಂದವನು ಭಾಗ್ಯವಂತನೆನಿಸುವನು. ಈ ಭೇದಕ್ಕೆ ಕಾರಣವೇನು? ಯಾರದೂ ಅಲ್ಲದ ವಸ್ತುವನ್ನು ಎತ್ತಿಕೊಂಡರೆ ಯಾರಿಗೂ ಅನ್ಯಾಯವಾಗದು ಎಂಬುದೇ ಲೋಕರೂಢಿಯ ಉತ್ತರ. ಈ ಉತ್ತರವು ಎಷ್ಟರ ಮಟ್ಟಿಗೆ ನಿಲ್ಲಬಲ್ಲದೆಂಬುದು ವಿಚಾರಾರ್ಹವಾದುದು.

ಪಾಶ್ಚಾತ್ಯರಲ್ಲಿ ಈ ವಾದಕ್ಕೆ ಶಾಸ್ತ್ರರೂಪವನ್ನು ಕೊಟ್ಟವನು ಹಾಲೆಂಡಿನ ನ್ಯಾಯಪಂಡಿತನಾದ ಹ್ಯೂಗೋ ಗ್ರೋಷಿಯಸ್. ಪೂರ್ವದ ಸಮುದ್ರಗಳೆಲ್ಲ ತಮ್ಮವೆಂದು ಪೋರ್ಚುಗೀಸರು ಸಾಧಿಸುತ್ತಿದ್ದ ಕಾಲವದು; ಅವರ ರಹದಾರಿ ಚೀಟಿಯಿಲ್ಲದೆ ಕನ್ನಡ ಕರಾವಳಿಯ ಹಡಗುಗಳೂ ನಿರ್ಭಯವಾಗಿ ಸಂಚರಿಸುವಂತಿರಲಿಲ್ಲ. ಸಮುದ್ರವು ಸ್ವತಂತ್ರವೆಂದು ಸಾರುವ ಲ್ಯಾಟಿನ್ ಗ್ರಂಥವೊಂದನ್ನು ಗ್ರೋಷಿಯಸನು 1609ರಲ್ಲಿ ಪ್ರಕಟಿಸಿದನು. ಗಾಳಿಯಂತೆ ಹಿಡಿತಕ್ಕೆ ಸಿಕ್ಕದುದನ್ನೂ, ಎಲ್ಲರೂ ಬಳಸಿದರೂ ಸವೆಯದುದನ್ನೂ ಯಾವನೊಬ್ಬನೂ ತನ್ನದೆನ್ನಲಾಗದೆಂಬುದು ಅವನ ವಾದದ ತಿರುಳು. ಡಚ್ಚರ ವ್ಯಾಪಾರಸಂಘದ ಹಿತಕ್ಕಾಗಿ ಈ ವಾದವು ಹುಟ್ಟಿತೆಂಬುದು ಬೇರೆ ಮಾತು. ಧರ್ಮಸೂಕ್ಷ್ಮವು ಎಷ್ಟೋ ಸಲ ವರ್ತಕನ ಮನೆಯಲ್ಲಿಯೂ ಜನಿಸುವುದುಂಟು. ಆದರೆ ಗಮನಿಸತಕ್ಕ ಅಂಶವೊಂದಿದೆ. ಹಡಗು ಸಾಗಿದ ಮಾತ್ರಕ್ಕೆ ಕಡಲು ಸವೆಯದು, ಮೀನಾದರೋ ಒಂದು ಬಗೆಯಲ್ಲಿ ಮುಗಿಯುವಂಥದೆಂದು ವಾದಿಸಬಹುದು ಎಂದು ಅವನೇ ಒಂದು ಕಡೆ ಒಪ್ಪಿಕೊಂಡಿರುವನು. ಅಂದರೆ ಒಡೆತನವಿಲ್ಲವೆಂಬ ಮಾತು ಸವೆಯದೆಂಬ ಮಾತನ್ನು ಆಶ್ರಯಿಸಿ ನಿಂತಿದೆ. ಆಶ್ರಯವೇ ಕುಸಿದರೆ?

ಬಹುಕಾಲ ಹೀಗೆ ಕೇಳಿದವರು ವಿರಳ. 1883ರಲ್ಲಿ ಲಂಡನ್ನಿನ ಮೀನುಗಾರಿಕೆಯ ಪ್ರದರ್ಶನದಲ್ಲಿ ಮಾತನಾಡಿದ ಥಾಮಸ್ ಹಕ್ಸ್ಲಿಯು ಕಾಡ್, ಹೆರಿಂಗ್ ಮೊದಲಾದ ಮಹಾಮೀನುಗಾರಿಕೆಗಳು ಅಕ್ಷಯವಾದುವೆಂದು ಸಾರಿದನು. ಅಂದಿನ ಮೀನುಗಾರಿಕೆಯ ಕ್ರಮಗಳಿಗೆ ಅನ್ವಯಿಸಿ ಆಡಿದ ಮಾತದು. ಜನರು ನಿಬಂಧನೆಯನ್ನು ಮರೆತು ಅಕ್ಷಯವೆಂಬುದನ್ನು ಮಾತ್ರ ನೆನಪಿಟ್ಟರು. ಕ್ರಮಗಳು ಬದಲಾದುವು. ನ್ಯೂಫೌಂಡ್‌ಲೆಂಡಿನ ಕಡಲಿನಲ್ಲಿ 1968ರೊಂದು ವರ್ಷದಲ್ಲಿಯೇ ಸುಮಾರು 8 ಲಕ್ಷ ಟನ್ನು ಕಾಡ್ ಮೀನನ್ನು ಹಿಡಿದರು. 1992ರ ಜುಲೈ ತಿಂಗಳಲ್ಲಿ ಕೆನಡಾ ಸರ್ಕಾರವು ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರು ಕೆಲಸವನ್ನು ಕಳೆದುಕೊಂಡರು. ಆ ನಿಷೇಧವು ಅಧಿಕೃತವಾಗಿ ಕೊನೆಗೊಂಡದ್ದು 2024ರಲ್ಲಿ. ಆ ವೇಳೆಗೆ ಒಂದು ತಲೆಮಾರು ಬಲೆಯನ್ನು ಹೆಣೆಯದೆಯೇ ಬೆಳೆದಿತ್ತು.

ನಮ್ಮ ಕರಾವಳಿಯ ಕಥೆಯು ಇಷ್ಟು ಘೋರವಲ್ಲ. ಆದರೆ ಧರ್ಮವಿಚಾರಕ್ಕೆ ಇದೇ ಹೆಚ್ಚು ಉಪಯುಕ್ತವಾದುದು. ಕಾರವಾರದಿಂದ ಮಂಗಳೂರಿನವರೆಗೆ ಹಿಂದೆ ರಂಪಣಿಯ ಕಾಲವಿತ್ತು. ದೋಣಿಯೊಂದು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬರುವುದು; ದಡದಲ್ಲಿ ಹತ್ತಾರು ಮಂದಿ ಎರಡು ತುದಿಗಳನ್ನೂ ಹಿಡಿದು ಎಳೆಯುವರು; ಬಂದದ್ದರಲ್ಲಿ ಎಲ್ಲರಿಗೂ ಪಾಲು. ಮೀನಿನ ಹಿಂಡು ದಡದ ಬಳಿಗೆ ತಾನಾಗಿ ಬಂದರೆ ಮಾತ್ರ ಬೇಟೆ. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆಯು ಬಂದಿತು. ಹಿಂಡು ದಡವನ್ನು ಸೇರುವ ಮೊದಲೇ ಸುತ್ತುವರಿದು ಹಿಡಿಯತೊಡಗಿತು. ರಂಪಣಿಯವರು ಪ್ರತಿಭಟಿಸಿದರು, ಕೆಲವೇ ವರ್ಷಗಳಲ್ಲಿ ಅವರ ಬಲೆಗಳು ಮೂಲೆಗೆ ಸೇರಿದುವು.

ಇದನ್ನು ನೆನೆದು ಹಿಂದಿನವರು ಕಡಲಿನ ವಿಷಯದಲ್ಲಿ ಸಂಯಮಿಗಳಾಗಿದ್ದರು, ಈಗಿನವರು ಲೋಭಿಗಳು ಎಂದು ನಿಟ್ಟುಸಿರು ಬಿಡುವವರುಂಟು. ಆ ತೀರ್ಮಾನವು ಸುಲಭವಾದುದು, ಸತ್ಯವಾದುದಲ್ಲ. ಬೂತಾಯಿಯು ಹೇರಳವಾಗಿ ಬಂದ ದಿನಗಳಲ್ಲಿ ಹಿಂದಿನವರೂ ತಿಂದು, ಒಣಗಿಸಿ, ಎಣ್ಣೆ ತೆಗೆದು, ಮಿಕ್ಕುದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಸುರಿದರು. ಅವರನ್ನು ತಡೆದುದು ವೈರಾಗ್ಯವಲ್ಲ, ತೋಳಿನ ಬಲದ ಮಿತಿ. ಮಳೆಗಾಲದಲ್ಲಿ ದೋಣಿಯಿಳಿಸದೆ ಇದ್ದುದು ಕಡಲ ಅಬ್ಬರಕ್ಕಂಜಿ. ಹಲ್ಲಿಲ್ಲದವನು ಕಬ್ಬನ್ನು ಬಿಟ್ಟರೆ ಅದನ್ನು ವ್ರತವೆನ್ನಲಾದೀತೇ? ಹಾಗೆ ನೋಡಿದರೆ ಕಡಲಿನ ಮುಂದೆ ಮನುಷ್ಯನು ಧರ್ಮಾಧರ್ಮಗಳ ಪ್ರಶ್ನೆಯನ್ನು ನಿಜವಾಗಿ ಎದುರಿಸುತ್ತಿರುವುದು ಈಚೆಗೆ, ಮುಗಿಸಬಲ್ಲ ಶಕ್ತಿಯು ಕೈಗೆ ಬಂದ ಮೇಲೆ.

ಇಲ್ಲಿ ಮೀನುಗಾರನ ಪಕ್ಷದ ಮಾತನ್ನೂ ಕೇಳಬೇಕು. "ಮರಿಮೀನನ್ನು ನಾನು ಬಿಟ್ಟರೆ ಹಿಂದಿನ ದೋಣಿಯವನು ಹಿಡಿಯುವನು. ಸಾಲವು ನನ್ನದು, ಡೀಸೆಲಿನ ಖರ್ಚು ನನ್ನದು. ಬಿಟ್ಟ ಪುಣ್ಯವು ಯಾರಿಗೆ?" ಎಂದು ಅವನು ಕೇಳುವನು. ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಒಬ್ಬನೇ ಕೈಗೊಂಡ ತ್ಯಾಗವು ನೆರೆಯವನ ಲೋಭಕ್ಕೆ ಮೇವಾಗುವುದಾದರೆ ಅದನ್ನು ಕರ್ತವ್ಯವೆಂದು ಅವನ ಮೇಲೆ ಹೊರಿಸುವುದು ಕ್ರೌರ್ಯ. ಆದರೆ ಇದರಿಂದ ಅವನು ಸರ್ವಥಾ ಮುಕ್ತನೆಂದೂ ಸಿದ್ಧಿಸದು. ಎಲ್ಲರನ್ನೂ ಸಮವಾಗಿ ಕಟ್ಟುವ ನಿಯಮಕ್ಕೆ ಒಪ್ಪುವುದೂ, ಒಪ್ಪಿದ ಮೇಲೆ ನಡುರಾತ್ರಿಯಲ್ಲಿ ಯಾರೂ ಕಾಣದಿರುವಾಗಲೂ ಅದನ್ನು ಪಾಲಿಸುವುದೂ ಅವನಿಗೆ ಸಾಧ್ಯವಾದುದೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗಿರುವ 61 ದಿನಗಳ ನಿಷೇಧವು ಅಂತಹ ನಿಯಮ. ಬೂತಾಯಿಯು ಮೊಟ್ಟೆಯಿಡುವ ಕಾಲದ ಒಂದು ಭಾಗವು ಅದರೊಳಗೆ ಸೇರುವುದು. ಪ್ರಖರವಾದ ದೀಪವನ್ನುರಿಸಿ ಮೀನನ್ನು ಸೆಳೆದು ಹಿಡಿಯುವುದನ್ನು 2017ರಲ್ಲಿ ಕೇಂದ್ರ ಸರ್ಕಾರವು ನಿಷೇಧಿಸಿದುದೂ ಇದೇ ಜಾತಿಯದು. ಆದರೆ ನಿಯಮದ ಭಾರವು ಬಲೆ ಹಿಡಿದವನ ಹೆಗಲ ಮೇಲೆಯೇ ಬೀಳುವುದು ನ್ಯಾಯವಲ್ಲ. ಘಟ್ಟದ ಮೇಲೆ ಕುಳಿತು ಅಗ್ಗದ ಮೀನನ್ನು ಬೇಡುವವನೂ, ಮರಿಮೀನನ್ನು ಕೊಂಡು ಹಿಟ್ಟುಮಾಡುವ ಕಾರ್ಖಾನೆಯವನೂ ಅದೇ ಹಗ್ಗವನ್ನು ಎಳೆಯುತ್ತಿರುವವರೇ.

ಹಾಗಾದರೆ ಅನ್ಯಾಯವಾಗುವುದು ಯಾರಿಗೆ? ಹಿರಿಯರು ಹೇಳಿದ ಋಣತ್ರಯಗಳಲ್ಲಿ ಪಿತೃಋಣವು ವಿಚಿತ್ರವಾದುದು. ಕೊಟ್ಟವರಿಗೆ ಅದನ್ನು ಹಿಂದಿರುಗಿಸಲಾಗದು, ಮುಂದೆ ಬರುವವರಿಗೆ ಸಲ್ಲಿಸಿಯೇ ತೀರಿಸಬೇಕು. ಕಡಲು ಯಾರದೂ ಅಲ್ಲವೆನ್ನುವಾಗ ಬದುಕಿರುವವರನ್ನು ಮಾತ್ರ ಎಣಿಸಿದಂತಾಯಿತು. ಇನ್ನೂ ಹುಟ್ಟದವನು ಬಂದರಿನಲ್ಲಿ ನಿಂತು ತನ್ನ ಪಾಲನ್ನು ಕೇಳಲಾರನು. ಕೇಳಲಾರನೆಂಬ ಕಾರಣದಿಂದಲೇ ಅವನ ಪಾಲು ಇಲ್ಲವಾಗದು.

ನೂಲಹುಣ್ಣಿಮೆಯಂದು ಮಂಗಳೂರಿನ ತಣ್ಣೀರುಬಾವಿಯಲ್ಲಿ ಮೊಗವೀರರು ಸಮುದ್ರಪೂಜೆಯನ್ನು ಮಾಡುವರು. ಹಾಲನ್ನೆರೆದು, ತೆಂಗಿನಕಾಯಿಯನ್ನು ಅರ್ಪಿಸಿ, ಈ ವರ್ಷವೂ ಮೀನನ್ನು ಕೊಡೆಂದು ಬೇಡುವರು. ತಮ್ಮದೇ ಸೊತ್ತನ್ನು ಯಾರೂ ಹೀಗೆ ಕೈಮುಗಿದು ಬೇಡುವುದಿಲ್ಲ. ಒಡೆಯನಿಲ್ಲದ ವಸ್ತುವಿಗಾಗಿಯೂ ಬೇಡುವುದಿಲ್ಲ.