ಹೇಳಿದ್ದೆನಲ್ಲ ಅಂದರೆ ಸಾಕೇ?

"ನಾನು ಹೇಳಿದ್ನಲ್ಲ, ನೀನು ಕೇಳಿಸ್ಕೊಳ್ಳಲಿಲ್ಲ ಅಂದ್ರೆ ಏನ್ ಮಾಡ್ಲಿ?" ರಜೆಯಲ್ಲಿದ್ದವರ ಮೇಲೆ ತಪ್ಪು ಹೊರಿಸೋಕೆ ಆಫೀಸಿನಲ್ಲಿ ಇಷ್ಟು ಸಾಕು.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ನೋಟಿಫೈ ಕೂಡ ಹೀಗೇ ಕೂಗುತ್ತೆ. ಮೊದಲೇ ಲಿಸನ್ ಅಂತ ಹೇಳಿ, ಕನೆಕ್ಷನ್ ಬಿಡದೆ ಕೂತವರಿಗೆ ಮಾತ್ರ ಸುದ್ದಿ. ಪಿಎಚ್‌ಪಿ ಸ್ಕ್ರಿಪ್ಟ್ ಸಾಮಾನ್ಯವಾಗಿ ಒಂದು ರಿಕ್ವೆಸ್ಟ್ ಮುಗಿಸಿ ಎದ್ದು ಹೋಗುತ್ತೆ. ಆಮೇಲೆ ಬಂದ ಸುದ್ದಿಯನ್ನು ಅದಕ್ಕಾಗಿ ಯಾರೂ ಎತ್ತಿಡಲ್ಲ. ಯಾರೂ ಕೇಳಲಿಲ್ಲ ಅನ್ನೋದು ಕೂಗಿದವರಿಗೂ ಗೊತ್ತಾಗಲ್ಲ.

ಹಾಗಾದರೆ ತಪ್ಪು ಯಾರದು?

ನೋಟಿಫೈಗೆ ಒಂದು ಒಳ್ಳೆಯ ಗುಣವಿದೆ. ಟ್ರಾನ್ಸಾಕ್ಷನ್ ಕಮಿಟ್ ಆಗುವವರೆಗೆ ಬಾಯಿ ಬಿಡಲ್ಲ. ರೋಲ್‌ಬ್ಯಾಕ್ ಆದರೆ ಸುದ್ದಿಯೇ ಹೊರಡಲ್ಲ. ನಾವೋ, ನಿರ್ಧಾರ ಆಗುವ ಮೊದಲೇ ಗ್ರೂಪಿಗೆ ಹಾಕಿರುತ್ತೇವೆ. ಆದರೂ ಅದು ಬರೀ ಕಾಲಿಂಗ್ ಬೆಲ್. ಅದರ ಸಂದೇಶ ಸಾಮಾನ್ಯವಾಗಿ 8000 ಬೈಟ್‌ಗಿಂತ ಕಡಿಮೆ ಇರಬೇಕು. ಪೂರ್ತಿ ವಿಷಯ ಇರೋದು ಟೇಬಲ್‌ನಲ್ಲಿ. ಅದಕ್ಕೇ ಬಲ್ಲವರು ಕೆಲಸವನ್ನು ಟೇಬಲ್‌ನಲ್ಲಿ ಬರೆದೇ ಬೆಲ್ ಒತ್ತುತ್ತಾರೆ. ಕೇಳುವ ಕಡೆಯವರು ಮತ್ತೆ ಕನೆಕ್ಟ್ ಆದಾಗ ಮೊದಲು ಲಿಸನ್ ಹಾಕಿ, ಆಮೇಲೆ ಟೇಬಲ್ ಓದಿ ತಪ್ಪಿಹೋದದ್ದನ್ನು ಹುಡುಕುತ್ತಾರೆ.

ಜವಾಬ್ದಾರಿ ಹೀಗೆ ಇಬ್ಬರಿಗೂ ಬರುತ್ತೆ. ಹೇಳುವವರು, ಆ ಹೊತ್ತಿಗೆ ಅಲ್ಲಿ ಇಲ್ಲದವರಿಗೂ ಸಿಗುವಂತೆ ಬರೆದಿಡಬೇಕು. ಕೇಳುವವರು, "ನಂಗ್ಯಾರೂ ಹೇಳಲೇ ಇಲ್ಲ" ಅನ್ನುವ ಮುಂಚೆ ಒಮ್ಮೆ ಹೋಗಿ ನೋಡಬೇಕು.